ಮೂರು ಗಂಟೆಗಳ ನಡುವಿನ ಬಿರುಕು

ಬಹಳ ಹಿಂದೆ, ಮಿಣುಕಾವತಿ ಎಂಬ ರಾಜ್ಯದಲ್ಲಿ, ಯುಗಾದಿಯ ಮರುದಿನ, ಹೊಸತೊಡಕಿನ ಬಾಡೂಟಕ್ಕೂ ಕಾಯದೆ ಜವರ ಎಂಬವನು ಮೊದಲ ಸಲ ಮನೆ ಬಿಟ್ಟು ನಡೆದ. ಆಗ ಅವನಿಗೆ ಹನ್ನೊಂದು ವರ್ಷ. ಓದು ಅರ್ಧಕ್ಕೇ ನಿಂತಿತು. ಇಪ್ಪತ್ತು ವರ್ಷ ಊರೂರು ಸುತ್ತಿ ಮರಳಿದರೆ, ಚಿಕ್ಕತಾಯಿ ಎಂಬ ಅವನ ಅಕ್ಕನ ಪಾದಗಳು ಕಲ್ಲಾಗಿದ್ದವು.

“ನಿನ್ನ ಕಾಲು ನಿಲ್ಲೋದಿಲ್ಲ, ನನ್ನದು ಏಳೋದಿಲ್ಲ. ಒಳ್ಳೇ ಜೋಡಿ,” ಎಂದು ಅಕ್ಕ ನಕ್ಕಳು.

ಅರಮನೆಯ ಗಾಜಿನ ಭರಣಿಯಲ್ಲಿ ಒಂದು ಬೆಳ್ಳಿಹನಿ ಇತ್ತು. ರೆಪ್ಪೆ ಬಡಿಯುವಷ್ಟರಲ್ಲಿ ಅದು ಕೋಟಿ ಕೋಟಿ ಸಲ ನಡುಗುವುದು. ಒಂದು ನಡುಕ ಹೆಚ್ಚಿಲ್ಲ, ಕಡಿಮೆಯಿಲ್ಲ. ಹೊತ್ತು ಹೇಳುವ ಗಳಿಗೆಯಜ್ಜಿ ಆ ನಡುಕ ಎಣಿಸಿ, ಸರಿಯಾಗಿ ನಡುಮಧ್ಯಾಹ್ನಕ್ಕೆ ಮೂರು ಗೊರವಂಕಗಳ ಕಿವಿಯಲ್ಲಿ “ಈಗ” ಎನ್ನುವಳು. ಅವು ಮೂರು ಊರಿಗೆ ಹಾರಿಹೋಗಿ “ಈಗ” ಎಂದಾಗ ಅಲ್ಲಿ ಗಂಟೆ ಹೊಡೆಯುವರು. ಒಂದೂರಲ್ಲಿ ಬೇಗ, ಇನ್ನೊಂದರಲ್ಲಿ ತಡ. ಆ ಗಂಟೆಗಳ ನಡುವಿನ ಬಿರುಕಿನಿಂದ ಮಬ್ಬ ಎಂಬ ಮಾಯಗಾರ ಹೊರಬಂದು, ಜನರನ್ನು ದಿನಕ್ಕಷ್ಟು ಕಲ್ಲು ಮಾಡುತ್ತಿದ್ದ.

“ಹಕ್ಕಿ ಹಾರೋ ಹೊತ್ತು ಲೆಕ್ಕಕ್ಕೆ ಹಿಡಿಯಬಾರದೇನಜ್ಜಿ?” ಎಂದು ಜವರ ಅರಮನೆಗೆ ಹೋಗಿ ಕೇಳಿದ.

“ಎಷ್ಟು ಹೊತ್ತು ಅಂತ ಯಾರು ಕಂಡರೋ?”

“ಮೂರೂ ಊರಿಗೆ ಅಳೆದು ನೋಡೋಣ.”

ಮೊದಲ ದಿನ ಬಯಲೂರಿನ ಹಕ್ಕಿ ಹೋಗಿಬರುವ ತನಕ ಅಜ್ಜಿ ನಡುಕ ಎಣಿಸಿದಳು. ಹೋಗುವ ಪಾಲೆಂದು ಅದರಲ್ಲಿ ಅರ್ಧ ಹಿಡಿದರು. ಮಧ್ಯಾಹ್ನ ಮಬ್ಬ ಬಂದ. ಕಲ್ಲು ಅಕ್ಕನ ಮಂಡಿಗೇರಿತು.

ಎರಡನೆಯ ದಿನ ಬೆಟ್ಟದೂರು. ಅಜ್ಜಿ ಅರ್ಧ ಹಿಡಿಯಹೊರಟರೆ ಜವರ ತಡೆದ. “ಏರೋಕೆ ಎರಡು ಪಾಲು, ಇಳಿಯೋಕೆ ಒಂದು. ನನ್ನ ಮೀನಖಂಡ ಕೇಳಜ್ಜಿ.” ಮಧ್ಯಾಹ್ನ ಕಲ್ಲು ಸೊಂಟಕ್ಕೇರಿತು.

ಮೂರನೆಯ ದಿನ ಹೊಳೆಯಾಚೆಯ ಊರು. ಆ ಹಕ್ಕಿ ದಾರಿಯಲ್ಲಿ ಅತ್ತಿಹಣ್ಣಿಗೆ ಇಳಿಯುತ್ತಿತ್ತು. ಹೊಟ್ಟೆ ಬಿರಿಯುವಷ್ಟು ಹಣ್ಣು ತಿನ್ನಿಸಿ ಕಳಿಸಿದರು; ನೇರ ಹೋಗಿ ಬಂತು.

ಇಂದೂ ಮಬ್ಬ ಬಂದರೆ ಕಲ್ಲು ಎದೆ ಮುಟ್ಟಿ ಅಕ್ಕನ ಉಸಿರು ನಿಲ್ಲುವುದು. ಎಲ್ಲಕ್ಕಿಂತ ದೂರ ಹೋಗುವ ಹೊಳೆಯಾಚೆಯ ಹಕ್ಕಿಯನ್ನು, ನಡುಮಧ್ಯಾಹ್ನಕ್ಕೆ ಮೊದಲೇ, ಬಿಡುವ ಹೊತ್ತಾಯಿತು. ಅಜ್ಜಿ “ಈಗ” ಎನ್ನಲು ಒಪ್ಪಲಿಲ್ಲ.

“ಅರುವತ್ತು ವರ್ಷ ಸುಳ್ಳು ಗಳಿಗೆ ಹೇಳಿದವಳಲ್ಲ ನಾನು. ಮಧ್ಯಾಹ್ನವೇ ಆಗಿಲ್ಲ, ‘ಈಗ’ ಅಂತ ಹೇಗೆ ಹೇಳಲೋ?”

“ನೀನು ಹೇಳಿದ್ದು ಇಲ್ಲಿ ನಿಜ. ಅಲ್ಲಿಗೆ ಹೋಗೋಷ್ಟರಲ್ಲಿ ದಿನಾ ಸುಳ್ಳಾಗ್ತಿತ್ತು. ಕೇಳೋರ ಹತ್ತಿರ ನಿಜ ಆದರೆ ಸಾಲದೇನಜ್ಜಿ?”

ಅಜ್ಜಿ ಹನಿಯ ಕಡೆ ತಿರುಗಿ ನಡುಕ ಎಣಿಸಿದಳು. ಆಮೇಲೆ ಬಗ್ಗಿ, ಹಕ್ಕಿಯ ಕಿವಿಯಲ್ಲಿ ಮೆಲ್ಲಗೆ “ಈಗ” ಎಂದಳು. ಸ್ವಲ್ಪ ತಡೆದು ಬೆಟ್ಟದ ಹಕ್ಕಿಗೆ, ಇನ್ನೂ ತಡೆದು ಬಯಲಿನದಕ್ಕೆ.

ಮೂರೂರಿನ ಗಂಟೆಗಳು ಒಂದೇ ಚಣದಲ್ಲಿ ಬಡಿದವು. ತೂರಿಬರಲು ಬಿರುಕು ಸಿಗದೆ ಮಬ್ಬ ಹಬೆಯಂತೆ ಆರಿಹೋದ. ಕಲ್ಲಾಗಿದ್ದವರೆಲ್ಲ ಮೈಮುರಿದು ಎದ್ದರು. ಮಿಣುಕಾವತಿಯವರು ಅಂದಿನಿಂದ ಒಂದೇ ಮಧ್ಯಾಹ್ನದ ನೆರಳಲ್ಲಿ ಸುಖವಾಗಿ ಬಾಳಿದರು.

ಜವರ ಎಂಟು ದಿನ ಉಳಿದ. ಒಂಬತ್ತನೆಯ ಬೆಳಗ್ಗೆ ಕಂಬಳಿ ಸುತ್ತುತ್ತಿದ್ದವನನ್ನು ಅಕ್ಕ ತಡೆಯಲಿಲ್ಲ. “ಹಗ್ಗ ಸಡಿಲವಾಯ್ತು, ಕೊಡಿಲ್ಲಿ,” ಎಂದು ತಾನೇ ಬಿಗಿದು ಗಂಟು ಹಾಕಿದಳು.

“ಹೊಳೆಯ ತನಕ ನಾನೂ ನಡೀತೀನಿ.”