ನಾನೂರರ ರೀಲು

"ಕಣ್ಣು ಬಿಡ್ರೀ... ಹಾಂ, ಹಂಗೇ ಇರ್ರಿ!"

ಫಳ್!

ಫ್ಲ್ಯಾಷ್ ಹೊಡೆಯಿತು. ಅಷ್ಟರಲ್ಲೇ ಗಂಗಾಶ್ರೀಯ ರೆಪ್ಪೆಗಳು ಮುಚ್ಚಿಹೋಗಿದ್ದವು.

"ಮತ್ತೆ ಮುಚ್ಚಿದ್ರಿ..." ಕ್ಯಾಮೆರಾ ಕೆಳಗಿಳಿಸಿ ಅವನು ನಕ್ಕ.

ಅವಳು ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಎದ್ದು ಒಳಗೆ ಓಡಿಹೋಗಬೇಕು ಅನ್ನಿಸುತ್ತಿತ್ತು. ಆದರೆ ಬಾಗಿಲಲ್ಲಿ ಅಪ್ಪ ನಿಂತಿದ್ದರು!

"ಏ ಗಂಗಾ, ಅದೇನು ಪಟಾಕಿನೇನೇ? ಹೆದರ್ಕಂಡು ಕಣ್ಣು ಮುಚ್ಚಕ್ಕೆ?" ಶಿವಮೂರ್ತಪ್ಪ ಗದರಿದರು. "ಶಿಕಾರಿಪುರದಾಗಿನ ಸ್ಟುಡಿಯೋ ಎಲ್ಲ ಆಯ್ತು. ಈಗ ಸೊರಬದಿಂದ ಕರೆಸಿದ್ರೂ ಇದೇ ಹಾಡು!"

ಅಪ್ಪನ ಕೋಪಕ್ಕೂ ಕಾರಣವಿತ್ತು. ಹಿಂದೆ ಎರಡು ಸಂಬಂಧಗಳು ಬಂದಿದ್ದವು. ಎರಡು ಮನೆಯವರೂ ಫೋಟೋ ನೋಡಿ ಒಂದೇ ಮಾತು ಕೇಳಿದ್ದರು: ಹುಡುಗಿ ಕಣ್ಣಿಗೆ ಏನಾದರೂ ತೊಂದರೆ ಇದೆಯಾ? ಈಗ ದಾವಣಗೆರೆಯ ಸಂಬಂಧ. ಮೊದಲು ಫೋಟೋ ಕಳಿಸಿ, ಆಮೇಲೆ ಬರುತ್ತೇವೆ ಅಂದಿದ್ದರು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಗಂಗಾಶ್ರೀ. ಅಂದಿನಿಂದ ಕಿಟಕಿ ಪಕ್ಕದ ಹೊಲಿಗೆ ಮಷಿನ್ನೇ ಅವಳ ಲೋಕ. ಮಾತು ಕಡಿಮೆ, ನೋಡುವುದು ಜಾಸ್ತಿ. ಈ ರೇಣುಕಾಪ್ರಸಾದ್ ಎಂಬುವವನು ಒಳಗೆ ಬಂದಾಗಲೇ ಅವಳು ಎಲ್ಲವನ್ನೂ ನೋಡಿಯಾಗಿತ್ತು. ಚಪ್ಪಲಿಯನ್ನು ಜೋಡಿಸಿ ಗೋಡೆಗೆ ತಾಗಿಸಿ ಬಿಟ್ಟದ್ದು, ಕ್ಯಾಮೆರಾದ ಪಟ್ಟಿ ಒಂದು ಕಡೆ ಕಿತ್ತು ಚಪ್ಪಲಿ ಹೊಲಿಯುವ ದಾರದಲ್ಲಿ ಹೊಲಿಸಿದ್ದು...

ಅವನು ಫ್ಲ್ಯಾಷನ್ನು ಕಳಚಿ ಚೀಲಕ್ಕೆ ಹಾಕಿದ.

"ಯಜಮಾನ್ರೇ, ಅವರ ಕಣ್ಣಲ್ಲಿ ದೋಷ ಇಲ್ಲ. ದೋಷ ನನ್ನ ಫ್ಲ್ಯಾಷಲ್ಲಿ. ಮುಂದಿನ ವಾರ ನಾನೂರರ ರೀಲು ಹಾಕ್ಕಂಡು ಬರ್ತೀನಿ."

"ನಾನೂರು ಫೋಟೋ ಬರ್ತಾವಾ ಅದ್ರಾಗೆ?"

"ಇಲ್ಲ ಇಲ್ಲ, ಮೂವತ್ತಾರೇ! ನಾನೂರು ಅಂದ್ರೆ ಅದರ ಚುರುಕು. ಕಿಟಕಿ ಬೆಳಕೇ ಸಾಕು ಅದಕ್ಕೆ. ಫ್ಲ್ಯಾಷ್ ಬೇಡ."

ಅವರ ಕಣ್ಣಲ್ಲಿ ದೋಷ ಇಲ್ಲ...

ಆ ಮಾತನ್ನು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ!

* * *

ಮುಂದಿನ ವಾರ ಬಂದವನು ಅವಳ ಕಡೆ ಕ್ಯಾಮೆರಾ ತಿರುಗಿಸಲೇ ಇಲ್ಲ.

"ಇವತ್ತು ನಿಮ್ಮದು ಬೇಡ. ಮನೆಯವರನ್ನ ತೆಗೀತೀನಿ. ನಿಮಗೂ ಕ್ಯಾಮೆರಾ ರೂಢಿ ಆಗ್ಲಿ."

ಮಷಿನ್ ಪಕ್ಕ ನೆಲದ ಮೇಲೆ ಕೂತು ಹೊಸ ರೀಲಿನ ಡಬ್ಬಿ ಬಿಚ್ಚಿದ. ಅವಳು ಸೀರೆಗೆ ಫಾಲ್ ಹೊಲಿಯುತ್ತಾ ಓರೆಗಣ್ಣಲ್ಲಿ ನೋಡುತ್ತಿದ್ದಳು.

"ಎದುರಿಗೇ ನೋಡ್ರಿ, ಕ್ಯಾಮೆರಾ ಏನು ಕಚ್ಚಲ್ಲ," ಅಂದ ತಲೆ ಎತ್ತದೆ.

ಸೂಜಿ ಚುರ್ ಎಂದು ಬೆರಳಿಗೆ ಚುಚ್ಚಿತು!

ಅವನು ತೋರಿಸಿದ. ಕ್ಯಾಮೆರಾದ ನೆತ್ತಿಯ ಮೇಲೊಂದು ಡಯಲ್. ಅದರಲ್ಲಿ ಪುಟ್ಟ ಕಿಂಡಿ. ಕಿಂಡಿಯಲ್ಲಿ ನೂರು ಎಂಬ ಅಂಕಿ.

"ಬಯಲು ಬಿಸಿಲಿಗೆ ನೂರರ ರೀಲೇ ಚಂದ. ಬಣ್ಣ ನುಣ್ಣಗೆ ಬರುತ್ತೆ. ಮನೆಯೊಳಗೆ ನಾನೂರು. ಸ್ವಲ್ಪ ರವೆ ರವೆಯಾಗಿ ಕಾಣುತ್ತೆ... ಆದ್ರೆ ಜನ ಹೆಂಗಿರ್ತಾರೋ ಹಂಗೇ ಸಿಗ್ತಾರೆ. ಯಾವ ರೀಲು ಹಾಕಿದೀನಿ ಅಂತ ಕ್ಯಾಮೆರಾಕ್ಕೆ ಇಲ್ಲಿ ಹೇಳ್ಬೇಕು." ಡಯಲನ್ನು ಎತ್ತಿ ನಾನೂರಕ್ಕೆ ತಿರುಗಿಸಿದ.

"ಹೇಳದೇ ಇದ್ರೆ...?"

ಅವಳು ಅವನೊಂದಿಗೆ ಆಡಿದ ಮೊದಲ ಮಾತು ಅದು. ಆಡಿದ ಮೇಲೆ ಅವಳಿಗೇ ಗಾಬರಿಯಾಯಿತು.

"ಹೇಳದಿದ್ರೆ ಬೆಳಕು ಸಾಲ್ದು ಅನ್ಕಂಡು ಒಳಗಿನ ಪರದೆ, ಶಟರ್ ಅಂತೀವಲ್ಲ, ಅದನ್ನ ನಿಧಾನ ಮಾಡುತ್ತೆ. ಅಷ್ಟರಾಗೆ ಕೈ ಅಲುಗಿರುತ್ತೆ, ಫೋಟೋ ಹಾಳು. ಕಿವಿಗೇ ಗೊತ್ತಾಗುತ್ತೆ, ಕೇಳ್ರಿ." ರೀಲು ಹಾಕುವ ಮೊದಲು ಖಾಲಿ ಕ್ಯಾಮೆರಾವನ್ನು ಅವಳ ಕಿವಿಯ ಹತ್ತಿರ ಹಿಡಿದ.

ಟಕ್.

"ಇದು ಚುರುಕಿನದು. ಈಗ ನಿಧಾನದ್ದು..."

ಟ...ರಕ್.

ಎರಡಕ್ಕಿಂತ ಜೋರಾಗಿ ಅವಳ ಎದೆ ಬಡಿದುಕೊಳ್ಳುತ್ತಿತ್ತು!

ಶಿವಮೊಗ್ಗದ ಕಲರ್ ಲ್ಯಾಬಿನಲ್ಲಿ ತೊಳೆಸಿದ ಫೋಟೋಗಳನ್ನು ಸೊರಬದಲ್ಲಿರುವ ಅಕ್ಕನ ಗಂಡ ತಂದುಕೊಟ್ಟಾಗ ಮನೆಯವರೆಲ್ಲ ಮುಗಿಬಿದ್ದರು. ರೊಟ್ಟಿ ಬಡಿಯುತ್ತಾ ಹಣೆಯ ಬೆವರನ್ನು ಮೊಣಕೈಯಲ್ಲಿ ಒರೆಸಿಕೊಳ್ಳುತ್ತಿರುವ ಅವ್ವ. ಹೊಗೆಯ ನಡುವೆ ಅವ್ವನ ನಗು! ಅವ್ವ ಇಷ್ಟು ಚಂದ ನಗುತ್ತಾಳಾ? ದಿನವೂ ನೋಡುವ ನಾನೇ ನೋಡಿಲ್ಲವಲ್ಲ...

"ಅಯ್ಯೋ, ಹಳೇ ಸೀರೆಯಾಗೆ ತೆಗ್ದಾನೆ ನೋಡು!" ರಾಜೇಶ್ವರಮ್ಮ ನಾಚಿಕೊಂಡರು. ಆದರೆ ಆ ಫೋಟೋವನ್ನು ಕೈಬಿಡಲಿಲ್ಲ.

"ನಾನು ಅಂಗಡಿಯಾಗೆ ತೂಕಡಿಸೋದನ್ನೂ ಬಿಟ್ಟಿಲ್ಲ ಭೂಪ!" ಅಪ್ಪನೂ ನಕ್ಕರು. ಅದೇ ಖುಷಿಯಲ್ಲಿ ತಮ್ಮ ಗೆಳೆಯ ಲೋಕಪ್ಪನವರ ಮಗಳ ಮದುವೆಯ ಫೋಟೋ ಕೆಲಸವನ್ನೂ ಅವನಿಗೇ ಮಾತಾಡಿದರು. ಶಿಕಾರಿಪುರದಲ್ಲಿ ಅವನಿಗೆ ಸಿಕ್ಕ ಮೊದಲ ದೊಡ್ಡ ಕೆಲಸ.

ಅವಳಿಗೆ ಮಾತ್ರ ನೆಮ್ಮದಿ ಹೋಯಿತು. ಬಸ್ಸಿನ ಹಾರ್ನ್ ಕೇಳಿದರೆ ಕಿಟಕಿಗೆ ಬರುವಳು. ಬಂದು ಏನು ಮಾಡಬೇಕೆಂದು ತಿಳಿಯದೆ ಮತ್ತೆ ಮಷಿನ್ನಿಗೆ ಕೂರುವಳು. ಹಾಕಿದ ಹೊಲಿಗೆ ಬಿಚ್ಚುವಳು...

* * *

ಆ ದಿನ ಅವನು ಬಳ್ಳಿಗಾವಿಯ ಒಂದು ಮದುವೆ ಮುಗಿಸಿ ಅವಸರದಲ್ಲಿ ಬಂದ. ಕೂದಲಲ್ಲಿ ಇನ್ನೂ ಅಕ್ಷತೆ ಕಾಳು ಸಿಕ್ಕಿಕೊಂಡಿತ್ತು.

ಮದುವೆಗೆ ಹಾಕಿದ್ದ ನೂರರ ರೀಲು ಸುತ್ತಿ ತೆಗೆದ. ನಾನೂರರ ರೀಲು ಹಾಕಿದ. ಎದ್ದು ನಿಂತ.

ಅವಳ ಕಣ್ಣು ಡಯಲಿನ ಮೇಲಿತ್ತು.

ನೂರು!

ಡಯಲ್ ತಿರುಗಿಸಿಲ್ಲ... ಮರೆತಿದ್ದಾನೆ!

ಹೇಳಬೇಕೆಂದು ಬಾಯಿ ತೆರೆದಳು. ಅದೇ ಹೊತ್ತಿಗೆ ಪಡಸಾಲೆಯಿಂದ ಅಪ್ಪನ ದನಿ ಕೇಳಿಸಿತು. "ಈ ಸಲ ಕಣ್ಣು ಬಿಟ್ಟಿರೋದು ಒಂದು ಬಂದ್ರೆ ಸಾಕು ಕಣೆ. ನೆಟ್ಟಗೆ ದಾವಣಗೆರೆಗೆ ಕಳಿಸಿಬಿಡ್ತೀನಿ. ಶ್ರಾವಣದಾಗೇ ಮದುವೆ!"

ಅವಳ ಬಾಯಿ ಮುಚ್ಚಿಕೊಂಡಿತು.

ಫೋಟೋ ಚೆನ್ನಾಗಿ ಬಂದರೆ ನಾನು ದಾವಣಗೆರೆಗೆ... ಕೆಟ್ಟರೆ ಇವನು ಇನ್ನೊಮ್ಮೆ ಬರಬೇಕು. ಇನ್ನೊಂದೇ ಒಂದು ಸಲ!

"ಹೊಲೀತಾ ಇರ್ರಿ. ನಾನು ಕರೆದಾಗ ನೋಡಿ ಸಾಕು," ಅಂದ.

ಟ...ರಕ್.

ಟ...ರಕ್.

ಪ್ರತಿ ಸದ್ದಿಗೂ ಅವಳ ಸೂಜಿ ಅರೆಕ್ಷಣ ನಿಲ್ಲುತ್ತಿತ್ತು. ಹೇಳು, ಈಗಲಾದರೂ ಹೇಳು! ಆದರೆ ಕಣ್ಣು ಮಾತ್ರ ಮುಚ್ಚಲಿಲ್ಲ. ಅವನು ಕರೆದಾಗಲೆಲ್ಲ ನೇರ ನೋಡಿದಳು.

ಕೊನೆಗೆ ಅವನು ಬೆನ್ನು ತಿರುಗಿಸಿ, ಕಿಟಕಿಯ ಕಡೆ ಮುಖ ಮಾಡಿ ಲೆನ್ಸ್ ಒರೆಸಿದ. "ಇದೊಂದೇ ಬಾಕಿ. ಗಂಗಾಶ್ರೀ..."

ಮೊದಲ ಸಲ ಹೆಸರು ಹಿಡಿದು ಕರೆದಿದ್ದ! ಅವಳು ತಲೆ ಎತ್ತಿದಳು.

ಟಕ್.

ಅರೆ, ಈ ಸದ್ದು ಬೇರೆಯಲ್ಲವಾ? ಇಲ್ಲ... ನನ್ನ ಕಿವಿಯೇ ಸರಿ ಇಲ್ಲ, ಅಂದುಕೊಂಡಳು.

* * *

ಅವಳು ಎಣಿಸಿದ್ದೇ ಒಂದು, ಆದದ್ದೇ ಒಂದು.

ಫೋಟೋಗಳೆಲ್ಲ ಅಲುಗಿದ್ದವು. ಮುಖ ಕದಡಿದ ನೀರಿನಲ್ಲಿ ಕಂಡಂತೆ. ಶಿವಮೂರ್ತಪ್ಪ ಕೆಂಡವಾದರು.

"ಏನಯ್ಯಾ ಇದು? ನಾನೂರರ ರೀಲಂತೆ, ಚುರುಕಂತೆ! ಕೈಯಾಗೆ ಕ್ಯಾಮೆರಾ ಹಿಡಿಯಕ್ಕೆ ಬರಲ್ಲ ನಿಂಗೆ! ಲೋಕಪ್ಪನ ಮನೆ ಮದುವೆಗೆ ನೀನು ಬರೋದೇ ಬೇಡ. ನಾನೇ ಹೇಳ್ತೀನಿ ಅವಂಗೆ."

ಅವನು ತಲೆ ತಗ್ಗಿಸಿ ನಿಂತಿದ್ದ. ಜೋಡಿಸಿಟ್ಟ ಚಪ್ಪಲಿ ಮೆಟ್ಟಿಕೊಂಡು ಹೋಗೇಬಿಟ್ಟ.

ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

ನನ್ನಿಂದ! ಅವನ ಕೆಲಸ, ಅವನ ಹೆಸರು... ಎಲ್ಲ ನನ್ನಿಂದ ಹೋಯಿತು!

ಊಟ ಸೇರಲಿಲ್ಲ. ಮಷಿನ್ನಿಗೆ ಕೂತರೆ ದಾರ ಕಡಿಯುತ್ತಿತ್ತು. ಸೊರಬದಲ್ಲಿದ್ದ ಅಕ್ಕ ಅಶ್ವಿನಿಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ಅದೂ ಇದೂ ಮಾತಾಡಿ, ಕೊನೆಗೆ ಕೇಳಿದಳು.

"ಆ ಫೋಟೋದವರು... ಹೆಂಗಿದಾರೆ?"

"ಅವನಾ? ನಮ್ಮಪ್ಪನ ಮನೆ ಹೆಸರೆತ್ತಿದ್ರೆ ಎದ್ದು ಹೋಗ್ತಾನೆ ಕಣೆ. ಯಾಕೆ?"

ರಿಸೀವರ್ ಕೈಯಿಂದ ಜಾರಿತು. ದ್ವೇಷ... ನನ್ನ ಮೇಲೆ ದ್ವೇಷ! ಇರಲೇಬೇಕಲ್ಲ!

ಮಾರನೇ ದಿನ ಬೆಳಿಗ್ಗೆ ಅಪ್ಪ ಮಂಡಕ್ಕಿ ತಿನ್ನುತ್ತಿದ್ದಾಗ ಅವಳು ಎದುರಿಗೆ ಬಂದು ನಿಂತಳು.

"ಅಪ್ಪಾ... ತಪ್ಪು ನಂದು. ಡಯಲ್ ನೂರರಾಗೆ ಇದ್ದಿದ್ದು ನಾನು ನೋಡಿದ್ದೆ. ಹೇಳ್ಲಿಲ್ಲ."

"ಏನು ಡಯಲ್ಲು?"

ವಿವರಿಸಿದಳು. ತಡವರಿಸಿದಳು, ಆದರೆ ಪೂರ್ತಿ ಹೇಳಿದಳು.

"ಯಾಕೆ ಹೇಳ್ಲಿಲ್ಲ ಮತ್ತೆ?"

ಸದಾ ನೆಲ ನೋಡುವ ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಕಣ್ಣು ತುಂಬಿತ್ತು, ಆದರೂ ಮುಚ್ಚಲಿಲ್ಲ.

ಶಿವಮೂರ್ತಪ್ಪ ತಟ್ಟೆ ಪಕ್ಕಕ್ಕೆ ಸರಿಸಿದರು. ಹೆಂಡತಿಯ ಮುಖ ನೋಡಿದರು. ರಾಜೇಶ್ವರಮ್ಮ ಎಲ್ಲ ಗೊತ್ತಿದ್ದವರಂತೆ ತಲೆ ಆಡಿಸಿದರು.

"ಆ ಹುಡುಗನ್ನ ಸುಮ್ಸುಮ್ನೆ ಬೈದೆ ಹಂಗಾರೆ..." ಅಪ್ಪ ಗೊಣಗಿದರು. ಕೈ ಕೊಡವಿಕೊಂಡು ಎದ್ದರು. "ಅಕ್ಕನ ಮನೆಗೆ ಹೋಗಿ ಬಾ. ಲೋಕಪ್ಪನ ಮನೆ ಮದುವೆಗೆ ಅವನೇ ಬರಬೇಕಂತೆ ಅಂತ ಹೇಳು. ಉಳಿದಿದ್ದು ನಾನು ಕೇಳಿಲ್ಲ, ನೀನು ಹೇಳಿಲ್ಲ."

* * *

ಶಿರಾಳಕೊಪ್ಪ ದಾಟಿದ ಮೇಲೆ ಬಸ್ಸು ತೆವಳುತ್ತಿದೆ ಅನ್ನಿಸಿತು. ಇಳಿದು ಓಡಿದರೆ ಬೇಗ ಮುಟ್ಟಬಹುದೇನೋ! ಮರುಕ್ಷಣವೇ, ಬಸ್ಸು ಇಲ್ಲೇ ಕೆಟ್ಟು ನಿಂತರೆ ಸಾಕು ಅನ್ನಿಸುತ್ತಿತ್ತು...

ಸೊರಬದ ಪೇಟೆಯಲ್ಲಿ ಸ್ಟುಡಿಯೋದ ಎದುರು ಅಶ್ವಿನಿ ತಂಗಿಯ ಬೆನ್ನಿಗೆ ಗುದ್ದಿದಳು.

"ಹೋಗೇ ಒಳಗೆ. ನಾನು ಪಕ್ಕದಂಗಡೀಲಿ ಬಳೆ ನೋಡ್ತಿರ್ತೀನಿ. ನಂಗೆ ಬಳೆ ಆರ್ಸಕ್ಕೆ ಎಷ್ಟೊತ್ತು ಬೇಕಾದ್ರೂ ಹಿಡಿಯುತ್ತೆ ಮಾರಾಯ್ತಿ!"

ಒಳಗೆ ಅವನು ಫೋಟೋಗಳಿಗೆ ಅಂಚು ಕತ್ತರಿಸುತ್ತಿದ್ದ. ಅವಳನ್ನು ನೋಡಿ ಕತ್ತರಿ ಹಾಗೇ ನಿಂತಿತು.

"ನೀವು...?"

"ಅಪ್ಪ ಹೇಳಿ ಕಳ್ಸಿದಾರೆ. ಲೋಕಪ್ಪನವರ ಮನೆ ಮದುವೆಗೆ ನೀವೇ ಬರಬೇಕಂತೆ." ಒಂದೇ ಉಸಿರಿಗೆ ಹೇಳಿದಳು. "ಡಯಲ್ ನೂರರಾಗಿತ್ತು. ನಾನು ನೋಡಿದ್ದೆ. ಬೇಕಂತಲೇ ಸುಮ್ನಿದ್ದೆ. ನನ್ನಿಂದ ನೀವು ಬೈಸ್ಕಂಡ್ರಿ... ಬೈಯ್ಯೋದಿದ್ರೆ ನಂಗೆ ಬೈರಿ."

ಅವನು ಕತ್ತರಿ ಕೆಳಗಿಟ್ಟ. ಅವಳು ಉತ್ತರಕ್ಕೆ ಕಾಯಲಿಲ್ಲ. ತಿರುಗಿ ಹೊರಟಳು.

"ಗಂಗಾಶ್ರೀ."

ನಿಂತಳು.

"ದಿನಾ ಶಟರ್ ಹೊಡೆಯೋನು ನಾನು. ಮೊದಲನೇ ಫೋಟೋಕ್ಕೇ ಆ ಸದ್ದು ನಂಗೆ ಕೇಳಿಸ್ಲಿಲ್ಲ ಅನ್ಕಂಡ್ರಾ?"

ಅವಳು ಮೆಲ್ಲಗೆ ತಿರುಗಿದಳು.

"ಅಂದ್ರೆ..."

"ಮೊದಲು ಮರೆತಿದ್ದು ನಿಜ. ಸದ್ದು ಕೇಳಿ ಡಯಲಿಗೆ ಕೈ ಹಾಕಿದ್ದೆ. ಆದ್ರೆ ದಾವಣಗೆರೆ ಮಾತು ನಂಗೂ ಕೇಳಿಸಿತ್ತು." ಅವನ ದನಿ ಇಳಿಯಿತು. "ಕೈ ವಾಪಸ್ ತಗಂಡೆ. ನಿಮ್ಮಪ್ಪ ಬೈದಿದ್ದು ಸರಿನೇ ಐತೆ. ಆ ನಾಚಿಕೆಗೇ ನಿಮ್ಮ ಮನೆ ಮಾತು ಬಂದ್ರೆ ಎದ್ದು ಹೋಗ್ತಿದ್ದೆ."

ದ್ವೇಷ ಅಲ್ಲ... ನಾಚಿಕೆ!

ಆಗ ಅವಳಿಗೆ ಥಟ್ಟನೆ ನೆನಪಾಯಿತು.

"ಕೊನೇದು...? ಕೊನೇದು ಟಕ್ ಅಂತು! ನನ್ನ ಕಿವಿ ಸುಳ್ಳು ಅನ್ಕಂಡಿದ್ದೆ. ಆ ಫೋಟೋ ಎಲ್ಲಿ?"

ಅವನು ಬೆರಗಾಗಿ ನೋಡಿದ. ಆಮೇಲೆ ಗಾಜಿನ ಕಪಾಟು ತೆರೆದು ಒಂದು ಫೋಟೋ ತೆಗೆದ.

"ಡಯಲ್ ಸರಿ ಮಾಡಿ ತೆಗೆದಿದ್ದು ಇದೊಂದೇ. ಎಲ್ಲಾನೂ ಕೆಡಿಸಕ್ಕೆ ಮನಸ್ಸು ಬರ್ಲಿಲ್ಲ. ಕೊಡೋಣ ಅಂತ ಶಿಕಾರಿಪುರಕ್ಕೆ ಬಂದಿದ್ದೆ, ಬಸ್‌ಸ್ಟ್ಯಾಂಡಿಂದಲೇ ವಾಪಸ್ ಹೋದೆ. ಇಟ್ಕಳಕ್ಕೆ ನಂಗೆ ಹಕ್ಕಿಲ್ಲ. ತಗಳ್ರಿ. ದಾವಣಗೆರೆಗೆ ಕಳ್ಸೋದಾದ್ರೆ... ಕಳಿಸಿ."

ಕಿಟಕಿಯ ಬೆಳಕು ಅರ್ಧ ಮುಖದ ಮೇಲೆ. ರವೆ ರವೆಯಾಗಿ ಕಾಣುವ ನೆರಳು. ಕೈಯಲ್ಲಿ ಸೂಜಿ. ಅಗಲವಾಗಿ ತೆರೆದ ಎರಡು ಕಣ್ಣು, ಯಾರಿಗೋ ಹೋಗಬೇಡ ಅನ್ನುತ್ತಿರುವಂತೆ!

ಇದು ನಾನಾ?

ಬಹಳ ಹೊತ್ತು ನೋಡಿದಳು. ಆಮೇಲೆ ಫೋಟೋವನ್ನು ಮೇಜಿನ ಮೇಲಿಟ್ಟು, ಅವನ ಕಡೆಗೆ ಸರಿಸಿದಳು.

"ಇದು ದಾವಣಗೆರೆಗೆ ಬೇಡ."

"ಮತ್ತೆ?"

"ಕುಪ್ಪಗಡ್ಡೆಯಾಗೆ ನಿಮ್ಮವ್ವ ಇದಾರಂತಲ್ಲ... ಅಕ್ಕ ಹೇಳಿದ್ಲು. ಅವರಿಗೆ ಕೊಡಿ."

ಹುಡುಗಿಯ ಫೋಟೋ ಹುಡುಗನ ಮನೆಗೆ ಹೋಗುವುದು ಯಾಕೆಂದು ಇಬ್ಬರಿಗೂ ಗೊತ್ತಿತ್ತು. ಅವನ ಬೆರಳು ಫೋಟೋದ ಅಂಚನ್ನು ಮುಟ್ಟಿತು. ಮೆಲ್ಲಗೆ ಅದನ್ನು ತನ್ನ ಕಡೆಗೆ ಎಳೆದುಕೊಂಡ.

"ಭಾನುವಾರ ಅವ್ವನ್ನ ಕರ್ಕಂಡು ಬರ್ತೀನಿ. ನಿಮ್ಮಪ್ಪ ಮತ್ತೆ ಬೈದ್ರೆ?"

"ಬೈಸ್ಕಳ್ರಿ. ಈ ಸಲ ನಾನೂ ಪಕ್ಕದಾಗೇ ನಿಂತಿರ್ತೀನಿ."

ಅವನು ನಕ್ಕ. ಪಕ್ಕದಂಗಡಿಯಿಂದ ಬಳೆಗಳ ಸದ್ದಿನ ಜೊತೆ ಅಶ್ವಿನಿಯ ಕೆಮ್ಮೂ ಕೇಳಿಸಿತು.

"ಅಲ್ಲ... ಮದುವೆ ದಿನ ಎಲ್ರೂ ಫ್ಲ್ಯಾಷ್ ಹೊಡೀತಾರಲ್ಲ. ಆವಾಗ ಏನ್ ಮಾಡ್ತೀಯ?" ಅವನು ಕೇಳಿದ.

ಬಹುವಚನ ಬಿಟ್ಟುಹೋದದ್ದು ಅವನಿಗೇ ತಿಳಿಯಲಿಲ್ಲ. ಅವಳಿಗೆ ತಿಳಿಯಿತು.

"ಕಣ್ಣು ಮುಚ್ಕಂಬಿಡ್ತೀನಿ. ಆಮೇಲೆ ಆ ಫೋಟೋ ಯಾರ ಮನೆಗೆ ಕಳ್ಸೋದೈತೆ?"

"ಒಂದರಲ್ಲಾದ್ರೂ ಕಣ್ಣು ಬಿಡೇ... ನಂಗೋಸ್ಕರ."

ಅವಳು ತಲೆ ಎತ್ತಿ ಅವನನ್ನೇ ನೋಡಿದಳು.

"ಹಂಗಾರೆ ನಾನೂರರ ರೀಲು ಹಾಕಕ್ಕೆ ಹೇಳಿ. ಡಯಲ್ ನಾನು ನೋಡ್ಕಂತೀನಿ."