ಸರೋವರದ ದಡದ ಕೆಂಪು ಅಂಗೈಗಳು

ಶೆಡ್ಡಿನ ಬಾಗಿಲು ತೆಗೆದ ದೋಣಿಯಕ್ಕ ಹಾಗೇ ನಿಂತುಬಿಟ್ಟಳು. ಒಳಗೆ ಒಂದೇ ಒಂದು ಹುಟ್ಟು ಇರಲಿಲ್ಲ.

ಒಂದೋ ಎರಡೋ ಹೋಗಿದ್ದರೆ ಮಾತು ಬೇರೆ. ಸರೋವರದ ಅಷ್ಟೂ ದೋಣಿಗಳ ಅಷ್ಟೂ ಹುಟ್ಟುಗಳು ಮಾಯ. ಲೋಕದಲ್ಲಿ ಚಿನ್ನ ಕದ್ದವರಿದ್ದಾರೆ, ಕುದುರೆ ಕದ್ದವರಿದ್ದಾರೆ, ಸಿಂಹಾಸನವನ್ನೇ ಹೊತ್ತೊಯ್ದವರೂ ಇದ್ದಾರೆ. ಆದರೆ ತಿಂಗಳುಗಟ್ಟಲೆ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಕೂತವರು ದುಡಿಮೆಗೆ ಇಳಿಯುವ ದಿನವೇ ಅವರ ಕೈ ಕಿತ್ತುಕೊಂಡು ಹೋದ ಕಳ್ಳನನ್ನು ಈ ಭೂಮಿ ಹೊತ್ತದ್ದು ಅವತ್ತೇ ಮೊದಲು.

ಸೋಂಕಿನ ಬೀಗ ಸಡಿಲಿಸಿ ಪ್ರವಾಸವನ್ನು ಹಂತ ಹಂತವಾಗಿ ತೆರೆಯುವ ಮೊದಲ ದಿನ ಅದು. ಹೋಟೆಲಿಗೆ ಅರ್ಧ ಕೋಣೆ, ದೋಣಿಗೆ ಅರ್ಧ ಜನ, ಎಲ್ಲರ ಮೂತಿಗೂ ಮಾಸ್ಕು. ಪ್ರವಾಸಿ ಸಮಿತಿ ಇನ್ನೊಂದು ಷರತ್ತನ್ನೂ ತೂರಿಸಿತ್ತು. ಮೊದಲ ದಿನ ನೀರಿಗಿಳಿಯದ ದೋಣಿಗೆ ಈ ಹಂಗಾಮಿನಲ್ಲಿ ಪರವಾನಗಿ ಇಲ್ಲ. ಸಂಜೆಯೊಳಗೆ ಹುಟ್ಟು ಸಿಗದಿದ್ದರೆ ನೀರಿನ ಮೇಲೆ ಉಳಿಯುವುದು ಸಮಿತಿಯ ಅಧ್ಯಕ್ಷರ ಮೋಟಾರ್ ಲಾಂಚು ಮಾತ್ರ.

* * *

ಜೀಪಿನಿಂದ ಇಳಿದವರು ಇನ್‌ಸ್ಪೆಕ್ಟರ್ ಮೇಡಂ. ಊರೆಲ್ಲ ಕರೆಯುವುದು ಮೂಗಿನ ಮೇಡಂ ಎಂದು. ಸಾಮಾನ್ಯ ಮೂಗಲ್ಲ ಅದು. ಕಳ್ಳ ಓಡಿದ ದಾರಿಯಲ್ಲಿ ನಿಂತು, ಅವನು ಹಚ್ಚಿದ್ದ ಸೋಪು ಯಾವುದು, ಕೊಂಡ ಅಂಗಡಿ ಯಾವುದು, ಅಂಗಡಿಯವನಿಗೆ ಹೆಂಡತಿಯ ಮೇಲೆ ಯಾಕೆ ಸಿಟ್ಟು ಎಂಬಷ್ಟನ್ನೂ ಹೇಳಬಲ್ಲ ಮೂಗು. ಅದನ್ನು ನೋಡಿ ಇಲಾಖೆಯ ನಾಯಿಗಳು ರಜೆ ಹಾಕುತ್ತಿದ್ದವಂತೆ. ಆದರೆ ಕಳೆದ ತಿಂಗಳ ಜ್ವರ ಆ ಮೂಗನ್ನು ನುಂಗಿ ಹಾಕಿತ್ತು. ಈಗ ಅದಕ್ಕೆ ಹೂವೂ ಒಂದೇ, ಮೋರಿಯೂ ಒಂದೇ. ಈ ಗುಟ್ಟನ್ನು ಮೇಡಂ ತಮ್ಮ ಜೀಪಿನ ಚಾಲಕನಿಗೂ ಬಿಟ್ಟುಕೊಟ್ಟಿರಲಿಲ್ಲ.

ಶೆಡ್ಡಿನ ಬೀಗ ಮುರಿದಿರಲಿಲ್ಲ. ಕಾವಲುಗಾರ ತಲೆ ಕೆರೆದುಕೊಂಡ.

"ನಿನ್ನೆ ಔಷಧಿ ಹೊಡೆಯೋರು ಬಂದಿದ್ರು ಮೇಡಂ. ತಲೆಯಿಂದ ಕಾಲ್ತನಕ ಬಿಳಿ ಬಟ್ಟೆ. ಬೀಗ ತೆಗೆದುಕೊಟ್ಟು ಓಡಿಬಿಟ್ಟೆ."

"ಮುಖ ನೋಡ್ಲಿಲ್ವಾ?"

"ಹತ್ರ ಬಂದ್ರೆ ನಿಂಗೂ ಹೊಡೀತೀವಿ ಅಂದ್ರು."

ಔಷಧಿ ಆರುವ ತನಕ, ಅಂದರೆ ಬೆಳಗಿನವರೆಗೆ, ಯಾರೂ ಒಳಗೆ ಕಾಲಿಡಬಾರದೆಂದೂ ಹೇಳಿ ಹೋಗಿದ್ದರು. ಮೇಡಂ ಆರೋಗ್ಯ ಕಚೇರಿಗೆ ಫೋನು ಮಾಡಿದರು. ಅವರು ಈ ಕಡೆಗೆ ಯಾರನ್ನೂ ಕಳಿಸಿರಲಿಲ್ಲ. ಹುಲಿಯ ವೇಷ ತೊಟ್ಟು ಬಂದಿದ್ದರೂ ಜನ ಇಣುಕಿ ನೋಡುತ್ತಿದ್ದರು. ಬಿಳಿ ಉಡುಪು ಕಂಡು ಇಡೀ ದಡವೇ ಬಾಗಿಲು ಹಾಕಿಕೊಂಡಿತ್ತು.

ಅಷ್ಟರಲ್ಲಿ ಅಧ್ಯಕ್ಷರು ಬಂದರು. ಬಿಳಿ ಅಂಗಿಯ ಬಟ್ಟೆಯಲ್ಲೇ ಹೊಲಿಸಿದ ಮಾಸ್ಕು. ನಾಡಿನ ದುಃಖವೆಲ್ಲ ತಮ್ಮ ಹೆಗಲ ಮೇಲಿದೆ ಎಂಬಂಥ ನಡಿಗೆ.

"ಕಳ್ಳತನ ಎಲ್ಲಿ ಬಂತು ಮೇಡಂ? ಇವರೇ ಒಲೆಗೆ ಹಾಕ್ಕೊಂಡಿರ್ತಾರೆ. ಈಗ ಪರಿಹಾರಕ್ಕೆ ನಾಟಕ."

ದೋಣಿಯಕ್ಕ ದನಿ ಎತ್ತಲಿಲ್ಲ. "ಮಂಚ ಒಲೆಗೆ ಹಾಕಿದೀನಿ, ನಿಜ. ನೆಲದ ಮೇಲೆ ಮಲಗ್ತೀನಿ. ಹುಟ್ಟು ಮುಟ್ಟಿಲ್ಲ. ಬಂದು ನೋಡಿ ತಾಯಿ."

ಮೇಡಂ ನೋಡಲೇಬೇಕಾಯಿತು. ಮನೆ ಮನೆಯ ಒಲೆಯ ಬೂದಿ ಕೆದಕಿದರು. ದೋಣಿಯಕ್ಕನ ಒಲೆಯಲ್ಲಿ ಮಂಚದ ಮೊಳೆಗಳು ಸಿಕ್ಕವು. ಪಕ್ಕದ ಮನೆಯಲ್ಲಿ ತೊಟ್ಟಿಲಿನ ಕೊಂಡಿ. ಹುಟ್ಟಿನ ಚೂರು ಎಲ್ಲೂ ಇಲ್ಲ. ಬಡವರ ಬೂದಿಯಲ್ಲಿ ಕೈಯಾಡಿಸಿದ ತಮ್ಮ ಬೆರಳುಗಳನ್ನು ಮೇಡಂ ತೊಳೆದೇ ತೊಳೆದರು.

* * *

ಅಧ್ಯಕ್ಷರ ಲಾಂಚಿನ ಕಟ್ಟೆಯಲ್ಲಿ ಮಾತ್ರ ಹಬ್ಬವೋ ಹಬ್ಬ. ಪ್ರವಾಸಿಗರ ಸಾಲು ಆಕಾಶದಂಚಿನ ತನಕ ಹೋಗಿ ಅಲ್ಲಿಂದ ತಿರುಗಿ ಬಂದಿತ್ತು ಎಂದರೂ ನಡೆದೀತು. ಸಾಲಿನ ಇಕ್ಕೆಲಕ್ಕೂ ಕೆಂಪು-ಬಿಳಿ ಪಟ್ಟೆಯ ಕಂಬಗಳು, ಕಂಬದಿಂದ ಕಂಬಕ್ಕೆ ಹಗ್ಗ. ಸೋಂಕಿನ ನೆಪ ಹೇಳಿ ದೋಣಿಯವರನ್ನು ಆ ಹಗ್ಗದ ಹತ್ತಿರಕ್ಕೂ ಬಿಡುತ್ತಿರಲಿಲ್ಲ.

"ಅಂತರ ಕಾಯಲಿ ಅಂತ ನಾನೇ ನಿಂತು ನೆಡಿಸಿದೀನಿ" ಎಂದರು ಅಧ್ಯಕ್ಷರು. "ನಿನ್ನೆ ಪೇಟೆಯಿಂದ ಲಾರೀಲಿ ತರಿಸಿದ ಕಂಬ. ನಿಯಮ ಅಂದ್ರೆ ನಿಯಮ."

ಮೇಡಂ ಪಕ್ಕದಲ್ಲಿದ್ದ ಜೀಪಿನ ಚಾಲಕ ಮಾಸ್ಕಿನ ಮೇಲಿಂದಲೇ ಮೂಗು ಹಿಂಡಿಕೊಂಡ. ಔಷಧಿಯ ನಾತವಿರಬೇಕು ಎಂದುಕೊಂಡು ಮೇಡಂ ಮುಂದೆ ನಡೆದರು. ಆ ಮೂಗು ನೆಟ್ಟಗಿದ್ದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಮಗುಚಿಟ್ಟ ದೋಣಿಯೊಂದರ ಮೇಲೆ ಕೂತು ಅವರು ಯೋಚಿಸಿದರು. ಅಷ್ಟು ಹುಟ್ಟುಗಳನ್ನು ಸುಟ್ಟರೆ ಹೊಗೆ ಏಳಬೇಕು. ಎದ್ದಿಲ್ಲ. ನೀರಿಗೆ ಎಸೆದರೆ ತೇಲಬೇಕು. ತೇಲಿಲ್ಲ. ಗಾಡಿಗೆ ಹಾಕಿದರೆ ಇರುವುದೊಂದೇ ರಸ್ತೆ, ಅಲ್ಲಿ ತಮ್ಮದೇ ಚೆಕ್‌ಪೋಸ್ಟು, ಪಾಸಿಲ್ಲದೆ ಸೊಳ್ಳೆಯೂ ದಾಟುವಂತಿಲ್ಲ. ಅಂದರೆ ಹುಟ್ಟುಗಳು ಈ ದಡ ಬಿಟ್ಟು ಹೋಗಿಲ್ಲ.

ಸೂರ್ಯ ಇಳಿಯುತ್ತಿದ್ದ. ದೋಣಿಯಕ್ಕ ಖಾಲಿ ಅಂಗೈ ನೋಡಿಕೊಳ್ಳುತ್ತ ಕೂತಿದ್ದಳು.

ಆಗ ಲಾಂಚಿನ ಕಡೆಯಿಂದ ಗಂಡ ಹೆಂಡಿರ ಜಗಳ ಕೇಳಿಸಿತು. ಗಂಡನ ಬಿಳಿ ಅಂಗಿಯ ಬೆನ್ನ ಮೇಲೆ ಹೆಂಗಸಿನ ಕೈಯ ಕೆಂಪು ಗುರುತು. ಯಾವಳದ್ದು ಅಂತ ಬಾಯಿಬಿಡಿ ಎಂದು ಹೆಂಡತಿ ಪಟ್ಟು ಹಿಡಿದಿದ್ದಳು. ಪಾಪದ ಗಂಡ ಅವಳದೇ ಅಂಗೈ ತಿರುಗಿಸಿ ತೋರಿಸಿದ. ಕೆಂಪು. ಹಿಂದಿನವನದ್ದೂ ಕೆಂಪು. ಅವನ ಹಿಂದಿನ ಮುದುಕಿಯದ್ದೂ ಕೆಂಪು.

ಮೇಡಂ ಓಡಿದರು. ಸಾಲಿನ ಬಾಯಲ್ಲಿ ಸ್ಯಾನಿಟೈಸರ್ ಬಾಟಲಿ ಇತ್ತು. ಜನ ಕೈಗೆ ಹಚ್ಚಿಕೊಂಡು, ಅದು ಆರುವ ಮೊದಲೇ ಕಂಬ ಹಿಡಿದು ಒರಗುತ್ತಿದ್ದರು. ಹಿಡಿದ ಕಡೆಯೆಲ್ಲ ಬಣ್ಣ ಕರಗಿ, ಒಳಗಿನ ಮರ ಕಾಣುತ್ತಿತ್ತು. ಪೇಟೆಯ ಹೊಸ ಮರವಲ್ಲ. ವರ್ಷಗಟ್ಟಲೆ ಬೆವರು ಕುಡಿದು ನುಣುಪಾದ ಮರ.

* * *

"ದೋಣಿಯಕ್ಕಾ, ಇಲ್ಲಿ ಬನ್ನಿ. ಇವನ್ನು ಹಿಡಿದು ನೋಡಿ."

ಅವಳು ಒಂದೊಂದೇ ಕಂಬ ಮುಟ್ಟುತ್ತ ಬಂದಳು. ಒಂದರ ಹತ್ತಿರ ಕೈ ನಿಂತಿತು. ಹೆಬ್ಬೆರಳು ತಾನಾಗಿ ಹೋಗಿ ಮರದ ಒಂದು ಕುಳಿಯಲ್ಲಿ ಕೂತಿತು.

"ಇದು ನಂದು."

ಚಾಲಕ ಅದನ್ನು ಕಿತ್ತ. ಮರಳಿನಿಂದ ಹುಟ್ಟಿನ ಅಗಲವಾದ ಅಲಗು ಮೇಲೆದ್ದು ಬಂತು.

ಅಧ್ಯಕ್ಷರ ಮುಖ ಮಾಸ್ಕಿಗಿಂತ ಬಿಳಿಯಾಯಿತು. ಪೇಟೆಯವನು ಮೋಸ ಮಾಡಿದ್ದಾನೆ, ತಮಗೇನೂ ಗೊತ್ತಿಲ್ಲ ಎಂದು ತೊದಲಿದರು.

"ಯಾವ ಪೇಟೆ ಸ್ವಾಮಿ?" ಎಂದರು ಮೇಡಂ. "ನಿನ್ನೆ ಚೆಕ್‌ಪೋಸ್ಟ್ ದಾಟಿದ್ದರ ಪಟ್ಟೀನ ಈಗಷ್ಟೇ ಫೋನಲ್ಲಿ ಓದಿಸಿ ಕೇಳಿದೆ. ಒಂದು ಕಡ್ಡಿ ಮರವೂ ಈ ಕಡೆ ಬಂದಿಲ್ಲ. ಬಿಳಿ ಬಟ್ಟೆ ತೊಡಿಸಿ ನಿಮ್ಮ ಲಾಂಚಿನವರನ್ನ ಕಳಿಸಿದ್ರಿ. ಹೊರಗೆ ಸಾಗಿಸೋಕೆ ದಾರಿ ಇರಲಿಲ್ಲ, ಅದಕ್ಕೆ ಬಣ್ಣ ಬಳಿದು ಎಲ್ಲರ ಕಣ್ಣೆದುರೇ ನೆಟ್ರಿ. ಅವರ ಅನ್ನ ಕಿತ್ತು, ಅದರಲ್ಲೇ ಅವರನ್ನು ದೂರ ಇಡೋಕೆ ಬೇಲಿ ಹಾಕಿದ್ರಿ. ಮೇಲೆ, ಒಲೆಗೆ ಹಾಕ್ಕೊಂಡ್ರು ಅಂತ ಮಾತು."

ಲಾಂಚಿನ ಕೋಣೆಯಲ್ಲಿ ಬಿಳಿ ಉಡುಪುಗಳು ಸಿಕ್ಕವು. ತೋಳಿನ ತುಂಬ ಕೆಂಪು ಬಣ್ಣ. ಹಸಿ ಬಣ್ಣದ ನಾತಕ್ಕೆ ಬೆಳಿಗ್ಗೆಯಿಂದ ತಲೆ ಸಿಡಿಯುತ್ತಿದೆ, ಮೇಡಂ ಮೂಗಿಗೆ ಗೊತ್ತಾಗದ್ದು ಇರುತ್ತದೆಯೇ ಎಂದು ತಾನು ಬಾಯಿ ಮುಚ್ಚಿಕೊಂಡಿದ್ದೆ ಎಂದ ಚಾಲಕ. ಮೇಡಂ ಆಕಾಶ ನೋಡಿದರು.

ಅಧ್ಯಕ್ಷರು ಕೊನೆಯ ದಾಳ ಎಸೆದರು. ಜೀಪಿನಲ್ಲೂ ಅರ್ಧ ಜನ ಮಾತ್ರ ಕೂರಬೇಕಲ್ಲವೇ, ತಾನು ನಾಳೆ ಬರುತ್ತೇನೆ ಎಂದರು. ನಿಯಮ ಅಂದರೆ ನಿಯಮ ಎಂದು ಒಪ್ಪಿದ ಮೇಡಂ, ತಾವು ದಡದಲ್ಲೇ ಉಳಿದು ಅವರನ್ನು ಚಾಲಕನ ಜೊತೆ ಕಳಿಸಿದರು.

ದೋಣಿಯವರು ಒಂದೊಂದೇ ಹುಟ್ಟು ಕಿತ್ತುಕೊಂಡಂತೆ ಬೇಲಿ ನೆಲಕ್ಕೆ ಬಿತ್ತು, ಸಾಲು ದೋಣಿಗಳ ಕಡೆ ಹರಿಯಿತು. ಸೂರ್ಯ ಮುಳುಗುವ ಮೊದಲೇ ಎಲ್ಲ ದೋಣಿಗಳೂ ನೀರಿನ ಮೇಲಿದ್ದವು. ಬಣ್ಣ ಕೆರೆಸಿಕೊಡಲೇ ಎಂದು ಮೇಡಂ ಕೇಳಿದ್ದಕ್ಕೆ ದೋಣಿಯಕ್ಕ ತಲೆಯಾಡಿಸಿದಳು.

"ಬೇಡ ತಾಯಿ. ಕೂಲಿ ಕೊಡದೆ ನಾನು ಬಣ್ಣ ಹೊಡೆಸಿಕೊಂಡಿದ್ದು ಇದೊಂದೇ ಸಲ."

ಕೆಂಪು-ಬಿಳಿ ಪಟ್ಟೆಯ ಹುಟ್ಟು ನೀರಿಗೆ ಬಿತ್ತು.