ತಪ್ಪು ಉತ್ತರ ಹೇಳಿದವನು

"ಏ, ಹಸಿರು ಓಢಣಿ! ನೀನೇ... ಎದ್ದು ನಿಲ್ಲವ್ವ."

ಅಂಬುಜಾ ಓಢಣಿ ಸರಿಮಾಡಿಕೊಂಡು ಎದ್ದಳು. ಕಲಬುರಗಿಯ ಲಾ ಕಾಲೇಜು ಸೇರಿ ಇನ್ನೂ ತಿಂಗಳು ಕಳೆದಿರಲಿಲ್ಲ. ಚಿತ್ತಾಪುರದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಸಿದ್ದಣ್ಣನ ಮಗಳು ಅವಳು. ಡಿಗ್ರಿಯವರೆಗೂ ಕನ್ನಡದಲ್ಲೇ ಓದಿದವಳು. ಇಲ್ಲಿ ನೋಡಿದರೆ ಪುಸ್ತಕವೆಲ್ಲ ಇಂಗ್ಲಿಷ್!

"ಅಂಗಡಿಯಾಂವ ಸೀರಿಗೆ ರೇಟ್ ಚೀಟಿ ಹಚ್ಚಿ ಗಾಜಿನ್ಯಾಗ ಇಟ್ಟಾನ. ಕಾನೂನು ಪ್ರಕಾರ ಅದು ಆಫರ್ ಹೌದೋ, ಅಲ್ಲೋ?" ರಮೇಶಕುಮಾರ ಸರ್ ಕೇಳಿದರು.

ಅವಳು ಪುಸ್ತಕದತ್ತ ನೋಡಿದಳು. ಹಿಂದಿನ ಬೆಂಚಿನಿಂದ ಯಾರೋ ಪಿಸುಗುಟ್ಟಿದರು: "ಹೌದು ಅನ್ರಿ..."

"ಹೌದು ಸರ್!"

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು.

"ಅಲ್ಲವ್ವ! ಅದು ಗಿರಾಕಿನ್ನ ಕರಿಯೋದು ಅಷ್ಟೇ. ನಿನ್ನಿ ಇಡೀ ತಾಸು ಇದನ್ನೇ ಹೇಳೀನಲ್ಲ?"

ಅಂಬುಜಾ ತಿರುಗಿ ನೋಡಿದಳು. ದಟ್ಟ ಹುಬ್ಬಿನ ಹುಡುಗನೊಬ್ಬ ತಲೆ ತಗ್ಗಿಸಿ ಕೂತಿದ್ದ.

ಸಂಜೆ ಊರಿಗೆ ಮರಳುವ ರೈಲಿನಲ್ಲಿ ಅವನೇ ಎದುರು ಬಂದು ನಿಂತ. "ನಾ ಬಸವಲಿಂಗ ಅಂತ, ಸೇಡಂದಾಂವ. ಮುಂಜಾನಿ..."

"ನಾಲ್ಕು ಮಂದ್ಯಾಗ ನನ್ನ ಮರ್ಯಾದಿ ತಗದು ಸಮಾಧಾನ ಆಯ್ತಾ? ನನ್ನ ಜೋಡಿ ಮಾತಾಡಬ್ಯಾಡ್ರಿ!"

ಅವನು ಬಾಗಿಲ ಕಡೆ ಸರಿದುಹೋದ.

ಅಂದಿನಿಂದ ಅವಳು ಹಟಕ್ಕೆ ಬಿದ್ದು ಗೈಡನ್ನು ಬಾಯಿಪಾಠ ಮಾಡಿದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಅದೇ ಗುನುಗು. ಆದರೆ ಮೊದಲ ಟೆಸ್ಟಿನ ಪೇಪರು ಕೈಗೆ ಬಂದಾಗ ನೋಡಿದರೆ ಅಂಕ ತೀರ ಕಡಿಮೆ.

"ವ್ಯಾಖ್ಯೆ ಎಲ್ಲಾ ಬರದೀದಿ. ಆದ್ರ ಪ್ರಶ್ನ್ಯಾಗ ನಾ ಕೊಟ್ಟಿದ್ದು ಇಬ್ಬರ ಜಗಳ," ಸರ್ ಹೇಳಿದರು. "ಅದ್ರಾಗ ಯಾರು ಗೆಲ್ತಾರ, ಯಾಕ ಗೆಲ್ತಾರ, ಅದೆಲ್ಲಿ?"

'ಇದಕ್ಕಿಂತ ಹೆಚ್ಚು ಓದೋದು ಹ್ಯಾಂಗ? ನನ್ನ ಕೈಲಿ ಆಗೂದಿಲ್ಲ...' ರೈಲಿನ ಕಿಟಕಿಗೆ ಮುಖ ಮಾಡಿ ಅವಳು ಬಿಕ್ಕಿದಳು.

ಪಕ್ಕದಿಂದ ಯಾರೋ ತಮ್ಮ ಟೆಸ್ಟ್ ಪೇಪರು ಚಾಚಿದರು. ಬಸವಲಿಂಗ! ಅವನ ಅಂಕ ಅವಳಿಗಿಂತ ಕಡಿಮೆ.

"ಅವತ್ತ ನಾ ಬೇಕಂತ ತಪ್ಪ ಹೇಳಲಿಲ್ರಿ. ನಂಗ ಖರೇನೇ ಅದೇ ಸರಿ ಅನಿಸಿತ್ತು."

ಅಳುತ್ತಲೇ ಅವಳಿಗೆ ನಗು ಬಂತು. "ಅಂದ್ರ... ನಿಮಗೂ ಗೊತ್ತಿರಲಿಲ್ಲ?"

"ನಂಗ ಇನ್ನೂ ಗೊತ್ತಿಲ್ಲ!"

ರೈಲು ವಾಡಿಯಲ್ಲಿ ಬಹಳ ಹೊತ್ತು ನಿಲ್ಲುತ್ತಿತ್ತು. ಅಲ್ಲಿಯೇ ಅವರ ಓದು ಶುರುವಾಯಿತು. ವಾದಕ್ಕಾಗಿ ಅವಳು ಆಡು ಮಾರಿದವಳು, ಅವನು ಕೊಂಡವನು; ಆಡು ಸತ್ತರೆ ನಷ್ಟ ಯಾರದು? ಇಬ್ಬರೂ ಕನ್ನಡದಲ್ಲೇ ಜೋರಾಗಿ ವಾದಿಸಿ, ಆಮೇಲೆ ಪುಸ್ತಕ ತೆರೆದು ಕಾನೂನು ಹುಡುಕುತ್ತಿದ್ದರು.

"ಆ ಆಡು ಯಾರಿಗೆ ಹೋಯ್ತವ್ವ ಕಡೀಕ?" ಎದುರು ಸೀಟಿನ ಮುದುಕಿಯೊಬ್ಬಳು ಕೇಳಿಯೇಬಿಟ್ಟಳು.

ಬರಬರುತ್ತ ಅಂಬುಜಾಳಿಗೆ ಪಾಠ ಹಿಡಿತಕ್ಕೆ ಸಿಕ್ಕಿತು. ಮನಸ್ಸು ಮಾತ್ರ ಹಿಡಿತ ತಪ್ಪಿತು... ಅವನು ವಾದದಲ್ಲಿ ಸೋತು ನಗುವಾಗ ಅವಳಿಗೆ ಮುಂದಿನ ಸಾಲು ಕಾಣಿಸುತ್ತಿರಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಅವನು ಇದ್ದಕ್ಕಿದ್ದಂತೆ ರೈಲಿನಲ್ಲಿ ಕಾಣಿಸದಾದ. ಫೋನು ಎತ್ತಲಿಲ್ಲ. ಪರೀಕ್ಷೆಯ ದಿನ ಎದುರಾದರೂ ಗೋಡೆ ನೋಡುತ್ತ ದಾಟಿಹೋದ.

'ನಾ ಏನು ತಪ್ಪು ಮಾಡ್ದೆ? ಒಂದು ಮಾತು ಹೇಳಿ ಹೋಗಬಾರದಿತ್ತಾ?' ಕಣ್ಣೀರು ನುಂಗಿಕೊಂಡು ಬರೆದಳು. ಬೇರೇನು ಮಾಡಬಲ್ಲಳು?

ಫಲಿತಾಂಶ ಬಂತು. ಅವಳು ಎಲ್ಲದರಲ್ಲೂ ಪಾಸ್! ಬಸವಲಿಂಗ ಮಾತ್ರ ರಮೇಶಕುಮಾರ ಸರ್ ಕಲಿಸುವ ಕಾಂಟ್ರಾಕ್ಟ್ ವಿಷಯದಲ್ಲಿ ಫೇಲ್.

ಅವಳು ಮೂಲೆ ಹಿಡಿದು ಅತ್ತಳು. ತಾಯಿ ಬಸ್ಸಮ್ಮ ಹತ್ತಿರ ಕೂತು ತಲೆ ಸವರಿದಳು.

"ಪಾಸಾಗಿ ಯಾಕ ಅಳ್ತೀ? ಆ ಸೇಡಂ ಹುಡುಗನ ಸಲುವಾಗಿ?"

"ಅವ್ವಾ... ನಿಂಗ ಹ್ಯಾಂಗ ಗೊತ್ತು?"

"ಮಂದಿ ಆಡ್ಕೊಳ್ಳಾಕತ್ತಿದ್ರು. ನಿಮ್ಮಪ್ಪ ಪರೀಕ್ಷಿ ಮೊದಲೇ ರೈಲ್ವೆ ಟೇಶನ್ನಿಗಿ ಹೋಗಿ ಅವನ್ನ ಕಂಡು ಬಂದಾನ. 'ಇನ್ನೊಮ್ಮಿ ಜೋಡಿ ಕಂಡ್ರ ನನ್ನ ಮಗಳ ಕಾಲೇಜು ಬಿಡಸ್ತೀನಿ' ಅಂದಾನ. ನಿಂಗ ಹೇಳಬ್ಯಾಡ ಅಂತ ನಂಗೂ ಅಂದಿದ್ದ. ಆ ಹುಡುಗ ಕೈ ಮುಗದು ಒಂದೇ ಮಾತು ಅಂದನಂತ: 'ಆಕೀದು ಓದು ನಿಲ್ಲಸಬ್ಯಾಡ್ರಿ. ನಾ ದೂರ ಇರ್ತೀನಿ.'"

ಅಂಬುಜಾ ಕಣ್ಣೊರೆಸಿಕೊಂಡಳು. ಅವಳ ಓದು ಉಳಿಸಲು ಅವನು ಅವಳನ್ನೇ ಬಿಟ್ಟಿದ್ದ! ಅವಳು ಅವನ ಬಗ್ಗೆ ಏನೆಲ್ಲ ಅಂದುಕೊಂಡಿದ್ದಳು...

ಸಂಜೆ ಸಿದ್ದಣ್ಣ ಕಲ್ಲಿನ ಧೂಳು ತೊಳೆದು ಊಟಕ್ಕೆ ಕೂತಾಗ ಅವಳು ಎದುರು ನಿಂತಳು.

"ಅಪ್ಪಾ, ನಾ ಅವನ ಜೋಡಿ ಓದ್ತೀನಿ. ಅವನ ಮ್ಯಾಲ ನಂಗ ಮನಸೈತಿ. ಕಾಲೇಜು ಬಿಡಸ್ತೀನಿ ಅಂದ್ರ ಬಿಡಸು. ನಾ ಸುಳ್ಳು ಹೇಳೂದಿಲ್ಲ."

ಸಿದ್ದಣ್ಣ ಊಟ ಅರ್ಧಕ್ಕೆ ಬಿಟ್ಟು ಎದ್ದುಹೋದ.

ಮರುದಿನ ಮುಂಜಾನೆ ಮಾತ್ರ ಅವಳ ಬ್ಯಾಗನ್ನು ಅವನೇ ಬಾಗಿಲಿಗೆ ತಂದಿಟ್ಟ. ಮುಖ ನೋಡದೆ ಅಂದ: "ಗಾಡಿ ಹೊತ್ತಾತು. ನಡಿ."

ರೈಲು ಹತ್ತಿ ಅವಳು ಡಬ್ಬಿ ಡಬ್ಬಿ ಹುಡುಕಿದಳು; ಬಸವಲಿಂಗ ಕಡೆಯ ಡಬ್ಬಿಯಲ್ಲಿ ಒಬ್ಬನೇ ಕೂತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

"ಇಲ್ಲಿಗೆ ಯಾಕ ಬಂದ್ರಿ? ಹೋಗ್ರಿ... ನಿಮ್ಮಪ್ಪ..."

"ಅಪ್ಪಗ ನಾನೇ ಹೇಳೀನಿ."

"ಏನಂತ?"

"ನೀವಂದ್ರ ನಂಗ ಭಾಳ ಇಷ್ಟ ಅಂತ."

ಅವನು ಕುಸಿದು ಕೂತ. "ನಾ ಫೇಲಾದಾಂವ, ಅಂಬುಜಾ. ನಿಮ್ಮ ಮನಿಗಿ ಬಂದು ಏನಂತ ಕೇಳಲಿ? ದಿನಾ ಈ ಡಬ್ಬ್ಯಾಗ ಕುಂತು, ನೀವು ಹತ್ತೋದು ನೋಡ್ತಿದ್ದೆ. ಅಷ್ಟೇ ನನ್ನ ಕೈಲಿ ಆಗ್ತಿತ್ತು."

ಅವಳು ಪಕ್ಕದಲ್ಲಿ ಕೂತು ಅವನ ಕೈ ಹಿಡಿದಳು.

"ಅಪ್ಪ ಹೂಂ ಅಂದ್ರಾ?" ಅವನು ಕೇಳಿದ.

"ಅನ್ಲಿಲ್ಲ. ಬ್ಯಾಡ ಅಂತನೂ ಅನ್ಲಿಲ್ಲ."

"ಮುಂದ ಹ್ಯಾಂಗ?"

"ನಂಗೂ ಗೊತ್ತಿಲ್ಲ..." ಅವಳು ಅವನ ಭುಜಕ್ಕೆ ಒರಗಿದಳು. "ಗೊತ್ತಾಗೋ ತನಕ ಹಿಂಗೇ ಕುಂದ್ರು. ಎದ್ದು ಹೋಗಬ್ಯಾಡ."

"ಹೋಗೂದಿಲ್ಲ," ಅಂದ ಬಸವಲಿಂಗ.